ಗಂಗಾಗೆ ನಂಬರ್ ಇರಲಿಲ್ಲ

ಸ್ಟ್ರಾಬೆರಿ ವಾಸನೆ ಮೂಗಿಗೆ ಬಡಿದರೆ ನನಗೆ ಸಿಟ್ಟು ಬರುತ್ತದೆ. ಹಣ್ಣಿನ ಮೇಲೆ ನನಗೇನೂ ದ್ವೇಷವಿಲ್ಲ. ಚಳಿಗಾಲದಲ್ಲಿ ಮಹಾಬಳೇಶ್ವರದಿಂದ ಬರುವ ಹಣ್ಣಿಗೆ ಆ ವಾಸನೆ ಇರುವುದೂ ಇಲ್ಲ. ನಾನು ಹೇಳುತ್ತಿರುವುದು ಮಕ್ಕಳನ್ನು ಮರುಳು ಮಾಡಲೆಂದೇ ಔಷಧಿಗೆ ಬೆರೆಸುವ ವಾಸನೆ. ಹೋದ ವಾರ ಕಾಂದಿವಲಿಯಿಂದ ಹೊರಟ ಲೋಕಲಿನ ಲೇಡೀಸ್ ಬೋಗಿಯಲ್ಲಿ ಪಕ್ಕದ ಕಾಲೇಜು ಹುಡುಗಿ ಪುಟ್ಟ ಡಬ್ಬಿಯೊಂದನ್ನು ತೆರೆದು ತುಟಿಗೆ ಏನೋ ಸವರಿಕೊಂಡಳು. ಅದೇ ವಾಸನೆ. ಗುದ್ದಾಡಿ ಗಿಟ್ಟಿಸಿಕೊಂಡಿದ್ದ ಕಿಟಕಿ ಸೀಟು ಬಿಟ್ಟು ಬಾಗಿಲ ಹತ್ತಿರ ಹೋಗಿ ನಿಂತೆ. ಮುಂಬೈಯಲ್ಲಿ ಕಿಟಕಿ ಸೀಟು ಬಿಟ್ಟು ಏಳುವವಳಿಗೆ ತಲೆ ಕೆಟ್ಟಿರಬೇಕು ಎನ್ನುವಂತೆ ಆ ಹುಡುಗಿ ನೋಡಿದಳು. ಗಾಡಿ ಗೋರೆಗಾಂವ್ ದಾಟುವವರೆಗೂ ನಾನು ಹಲ್ಲು ಕಚ್ಚಿಕೊಂಡೇ ಇದ್ದೆ.

ಲಾಕ್‌ಡೌನಿಗೆ ಮುಂಚಿನ ಒಂದು ಮಳೆಗಾಲದ ಮಾತು. ಆಗ ನಾನು ಪರೇಲಿನ ಒಂದು ಮಕ್ಕಳ ಆಸ್ಪತ್ರೆಯಲ್ಲಿ ಸ್ಟಡಿ ಕೋ-ಆರ್ಡಿನೇಟರ್ ಆಗಿದ್ದೆ. ಹೆಸರು ದೊಡ್ಡದು, ಕೆಲಸ ಕಾಗದದ್ದು. ಔಷಧಿಯೊಂದನ್ನು ಮಕ್ಕಳಿಗೆ ಕೊಟ್ಟು ಪರೀಕ್ಷಿಸುವಾಗ ಯಾವ ಮಗುವಿಗೆ ಏನು ಕೊಟ್ಟರು, ಎಷ್ಟು ಕೊಟ್ಟರು, ಏನಾಯಿತು ಎಂದು ಬರೆದಿಡುವುದು ನನ್ನ ಪಾಲಿನದು. ನಮ್ಮಪ್ಪ ಧಾರವಾಡದಿಂದ ಬಂದು ಇಲ್ಲಿ ರೈಲ್ವೆಯಲ್ಲಿ ಗುಮಾಸ್ತರಾಗಿದ್ದವರು, ಹಾಗಾಗಿ ಮನೆಯಲ್ಲಿ ಕನ್ನಡ ಉಳಿದಿತ್ತು. ಆಸ್ಪತ್ರೆಗೆ ಬರುವ ಬಡವರಲ್ಲಿ ವಿಜಯಪುರ, ಕಲಬುರಗಿ ಕಡೆಯ ಕಟ್ಟಡ ಕೆಲಸದವರು ಬಹಳ. ಅವರಿಗೆ ಹಿಂದಿ ಅರ್ಧ ತಿಳಿಯುತ್ತಿತ್ತು, ಮರಾಠಿ ಕಾಲು ಭಾಗ. ನನಗೆ ಆ ಕೆಲಸ ಸಿಕ್ಕಿದ್ದು ಬಿ.ಎಸ್ಸಿ.ಯಿಂದಲ್ಲ, ಕನ್ನಡದಿಂದ.

ಸ್ಟಡಿ ನಡೆಯುತ್ತಿದ್ದದ್ದು ಮೂತ್ರಪಿಂಡ ಸೋರುವ ಒಂದು ಕಾಯಿಲೆಯ ಮೇಲೆ. ಚಿಕ್ಕ ಮಕ್ಕಳಿಗೆ ಬರುವ ಕಾಯಿಲೆ. ರಕ್ತದಲ್ಲಿರಬೇಕಾದ ಪ್ರೋಟೀನು ಮೂತ್ರದಲ್ಲಿ ಹರಿದುಹೋಗುತ್ತದೆ; ಮುಖ, ಹೊಟ್ಟೆ, ಕಾಲು ಬಾತುಕೊಳ್ಳುತ್ತವೆ. ಅದಕ್ಕೆ ಸ್ಟೆರಾಯ್ಡ್ ಗುಳಿಗೆ ಹಳೆಯ ಮದ್ದು, ಒಳ್ಳೆಯ ಮದ್ದು. ಹೆಚ್ಚಿನ ಮಕ್ಕಳಿಗೆ ಕೆಲವೇ ವಾರಗಳಲ್ಲಿ ಸೋರುವುದು ನಿಲ್ಲುತ್ತದೆ. ಆದರೆ ಗುಳಿಗೆ ಬಲು ಕಹಿ, ಮಕ್ಕಳು ಉಗುಳುತ್ತವೆ. ಒಂದು ಕಂಪನಿ ಅದನ್ನೇ ಸ್ಟ್ರಾಬೆರಿ ರುಚಿಯ ಸಿಹಿ ಸಿರಪ್ ಮಾಡಿತ್ತು. ಅರ್ಧ ಮಕ್ಕಳಿಗೆ ಗುಳಿಗೆ, ಅರ್ಧ ಮಕ್ಕಳಿಗೆ ಸಿರಪ್ ಕೊಟ್ಟು, ಎರಡೂ ಒಂದೇ ಥರ ಕೆಲಸ ಮಾಡುತ್ತವೆಯೇ ಎಂದು ನೋಡುವುದು ನಮ್ಮ ಸ್ಟಡಿ. ಆರು ವಾರ ಪೂರ್ತಿ ಡೋಸ್ ಕೊಟ್ಟರೂ ಸೋರುವುದು ನಿಲ್ಲದಿದ್ದರೆ ಆ ಮಗುವಿಗೆ ಈ ಮದ್ದು ಹತ್ತುವುದಿಲ್ಲ ಎಂದು ತೀರ್ಮಾನ. ಆಮೇಲೆ ಬೆನ್ನಿಗೆ ಸೂಜಿ ಚುಚ್ಚಿ ಮೂತ್ರಪಿಂಡದ ಚೂರು ತೆಗೆದು ನೋಡುತ್ತಾರೆ. ಅದಾದ ಮೇಲೆ ಇನ್ನೂ ಜೋರಾದ ಔಷಧಿ ಶುರುವಾಗುತ್ತದೆ. ಎಚ್ಚರ ತಪ್ಪಿದರೆ ಅದು ಮೂತ್ರಪಿಂಡವನ್ನೇ ಕೆಡಿಸುವಂಥದ್ದು.

ಜೂನ್ ತಿಂಗಳ ಮೊದಲ ದೊಡ್ಡ ಮಳೆಯ ದಿನ ಮಹಾದೇವಿ ಬಂದಳು. ಇಂಡಿ ತಾಲೂಕಿನವಳು, ಇಪ್ಪತ್ತಾರೋ ಇಪ್ಪತ್ತೇಳೋ ವಯಸ್ಸು. ಗೋರೆಗಾಂವ್ ಪೂರ್ವದಲ್ಲಿ ಏಳುತ್ತಿದ್ದ ಒಂದು ಟವರಿನಲ್ಲಿ ಗಂಡ ಶಿವಪ್ಪ ಸೆಂಟ್ರಿಂಗ್ ಕೆಲಸಕ್ಕಿದ್ದ, ಇವಳು ಬುಟ್ಟಿ ಹೊರುತ್ತಿದ್ದಳು. ತೊಡೆಯ ಮೇಲೆ ಐದು ವರ್ಷದ ಗೌರಿ. ಕಣ್ಣು ಬಿಡಲಾಗದಷ್ಟು ಮುಖ ಬಾತಿತ್ತು. ಪಾದ ಒತ್ತಿದರೆ ಬೆರಳಿನ ಗುರುತು ಹಾಗೇ ಉಳಿಯುತ್ತಿತ್ತು.

“ಮಾರಿ ನೋಡ್ರಿ ಅಕ್ಕಾರ,” ಅಂದಳು. “ಎಂಟ ದಿನಾತು ಹಿಂಗಽ ಐತಿ. ನಮ್ಮ ಶೆಡ್ಡಿನ ಕಡೆ ಡಾಕ್ಟರ್ ಅಲರ್ಜಿ ಅಂದಾನ. ಅಲರ್ಜಿ ಇದ್ರ ಕಾಲು ಯಾಕ ಬಾತ್ಕೋಬೇಕ್ರಿ?”

ಜಾಣೆ. ಆ ಡಾಕ್ಟರನಿಗಿಂತ ಜಾಣೆ. ಆಮೇಲೆ ಅವಳನ್ನು ತಿಳಿಗೇಡಿ ಅಂದವರನ್ನೆಲ್ಲ ನಾನು ಇವತ್ತಿಗೂ ಮನಸ್ಸಿನಲ್ಲಿ ಸಾಲಾಗಿ ನಿಲ್ಲಿಸಿ ಬೈಯುತ್ತೇನೆ. ಸಾಲಿನಲ್ಲಿ ಮೊದಲು ನಿಲ್ಲಬೇಕಾದವಳು ನಾನೇ ಎಂಬುದು ಗೊತ್ತಿದ್ದೂ ಬೈಯುತ್ತೇನೆ.

ಒಪ್ಪಿಗೆ ಪತ್ರ ಹದಿನಾಲ್ಕು ಪುಟವಿತ್ತು. ಯಾರೋ ಎಲ್ಲೋ ಕೂತು ಕನ್ನಡಕ್ಕೆ ಮಾಡಿದ್ದು. ‘ತಮ್ಮ ಶಿಶುವು ಸದರಿ ಅಧ್ಯಯನದ ಪ್ರಜೆಯಾಗಿ ಪಾಲ್ಗೊಳ್ಳತಕ್ಕದ್ದು’ ಎಂದು ಶುರುವಾಗುತ್ತಿತ್ತು. ಅದನ್ನು ಓದಿ ಅರ್ಥ ಮಾಡಿಕೊಳ್ಳುವ ಕನ್ನಡಿಗ ಇನ್ನೂ ಹುಟ್ಟಿಲ್ಲ. ನಾನು ಪಕ್ಕಕ್ಕಿಟ್ಟು ನಮ್ಮ ಮಾತಿನಲ್ಲಿ ಹೇಳಿದೆ. ಬೆಳಿಗ್ಗೆ ಒಂದು ಮುಚ್ಚಳ, ಸಂಜೆ ಒಂದು ಮುಚ್ಚಳ. ಒಂದು ಹೊತ್ತೂ ತಪ್ಪಬಾರದು. ನೀನಾಗಿ ನಿಲ್ಲಿಸಬಾರದು, ಇದು ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೆ ಅಪಾಯ, ಮುಂದೆ ಡಾಕ್ಟರು ಸ್ವಲ್ಪ ಸ್ವಲ್ಪವೇ ಇಳಿಸುತ್ತಾರೆ. ಬಾಟಲಿ ಖಾಲಿ ಮಾಡಿ ತಂದು ತೋರಿಸಬೇಕು. ಅವಳು ಪ್ರತಿ ಮಾತಿಗೂ ತಲೆಯಾಡಿಸುತ್ತ ಕೇಳಿಸಿಕೊಂಡು, ಒಂದೂ ಬಿಡದೆ ತಿರುಗಿ ಒಪ್ಪಿಸಿದಳು.

ಫಾರ್ಮಿನಲ್ಲಿ ಒಂದು ಪ್ರಶ್ನೆ ಇತ್ತು: ಮಗುವಿಗೆ ಒಡಹುಟ್ಟಿದವರು ಎಷ್ಟು? “ಒಬ್ಬಾಕಿ ಅದಾಳ್ರಿ, ಗಂಗಾ,” ಅಂದಳು. ನಾನು ಒಂದು ಎಂದು ಬರೆದೆ. ಗಂಗಾಳ ವಯಸ್ಸು ಎಷ್ಟು ಎಂದು ಫಾರ್ಮು ಕೇಳಲಿಲ್ಲ. ನಾನೂ ಕೇಳಲಿಲ್ಲ. ಗಂಗಾ-ಗೌರಿ ಎಂಬ ಹೆಸರು ಕೇಳಿದ ಮೇಲೆ ನಮ್ಮ ಕಡೆ ಹುಟ್ಟಿದ ಯಾರಿಗಾದರೂ ಇವು ಅವಳಿ ಇರಬಹುದೇ ಎಂದು ಹೊಳೆಯಬೇಕಿತ್ತು. ನನಗೆ ಹೊಳೆಯಲಿಲ್ಲ, ಹೊರಗೆ ಇನ್ನೂ ನಾಲ್ಕು ತಾಯಂದಿರು ಕೂತಿದ್ದರು. ಯಾರಿಗೆ ಯಾವುದು ಎಂದು ಆರಿಸುವ ಕಂಪ್ಯೂಟರ್ ಗೌರಿಗೆ ಸಿರಪ್ ಕೊಟ್ಟಿತು, ಹದಿನೇಳು ಎಂಬ ನಂಬರನ್ನೂ ಕೊಟ್ಟಿತು. ಆಮೇಲೆ ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಹದಿನೇಳು ಎಂದೇ ಕರೆದರು.

ಆ ವರ್ಷ ಮಳೆ ಬಿಟ್ಟೂ ಬಿಡದೆ ಹೊಡೆಯಿತು. ಆಸ್ಪತ್ರೆ ಹತ್ತಿರದ ಹಿಂದ್‌ಮಾತಾ ಚೌಕದಲ್ಲಿ ಮೊಣಕಾಲುಮಟ್ಟ ನೀರು, ವಾರ್ಡಿನ ಕಾರಿಡಾರಿನಲ್ಲಿ ಒಣಗದ ಛತ್ರಿಗಳ ಮುಗ್ಗಲು ವಾಸನೆ. ಮಹಾದೇವಿ ಒಂದು ವಾರವೂ ತಪ್ಪಿಸಲಿಲ್ಲ. ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ಪ್ರಭಾದೇವಿ ಸ್ಟೇಷನ್ನಿನಲ್ಲಿ ಇಳಿದು ಸೇತುವೆ ದಾಟಿ ನಡೆದು ಬರುತ್ತಿದ್ದಳು. ಮೂತ್ರ ಪರೀಕ್ಷೆಗೆ ನಾವು ಪಟ್ಟಿಗಳನ್ನು ಕೊಟ್ಟಿದ್ದೆವು. ದಿನಾ ಬೆಳಿಗ್ಗೆ ಅದ್ದಿ ನೋಡಬೇಕು. ಹಳದಿಯಾಗೇ ಉಳಿದರೆ ಸೋರುವುದು ನಿಂತಿದೆ, ಹಸಿರಾದರೆ ಸೋರುತ್ತಿದೆ. ಔಷಧಿ ಕೊಟ್ಟಾಗೆಲ್ಲ ಗುರುತು ಹಾಕಲು ನಾವು ಕೊಟ್ಟ ಡಯರಿಯಲ್ಲಿ ಸೂರ್ಯನ ಚಿತ್ರದ ಕೆಳಗೂ ಚಂದ್ರನ ಚಿತ್ರದ ಕೆಳಗೂ ಒಂದೂ ಬಿಡದೆ ಗೀಟು ಇರುತ್ತಿತ್ತು. ಬಾಟಲಿ ತೊಳೆದಿಟ್ಟಷ್ಟು ಖಾಲಿ. ಪಟ್ಟಿ ಮಾತ್ರ ಹಸಿರು.

“ಇವತ್ತೂ ಹಸರಽ ಅಕ್ಕಾರ,” ಎಂದು ಕೂಲಿಗಳ ಮೇಸ್ತ್ರಿ ಮುಕಾದಮನ ಫೋನಿನಿಂದ ಹೇಳುವಳು. “ಒಂದೊಂದು ದಿನ ತುಸು ತಿಳಿ ಇರತೈತಿ. ಹಳದಿ ಮಾತ್ರ ಆಗವಲ್ದು.”

ಕಂಪನಿಯ ಕಡೆಯಿಂದ ಫೈಲು ಪರೀಕ್ಷಿಸಲು ಬಂದವರು ಹದಿನೇಳರ ಡಯರಿ ನೋಡಿ ಬೆರಗಾದರು. ಇಷ್ಟು ಅಚ್ಚುಕಟ್ಟಾಗಿ ಔಷಧಿ ಕೊಡುವ ತಾಯಿ ಎಲ್ಲೂ ಸಿಕ್ಕಿಲ್ಲ ಎಂದರು. ಸ್ಟಡಿಯ ಮುಖ್ಯಸ್ಥರು, ನಾವೆಲ್ಲ ಬಡೇ ಸರ್ ಎನ್ನುತ್ತಿದ್ದವರು, ಎಲ್ಲರೆದುರು ನನ್ನ ಹೆಸರು ಹಿಡಿದು ಹೊಗಳಿದರು. ನಾನು ನಾಚಿಕೊಂಡೆ. ಆ ನಾಚಿಕೆ ನೆನೆದರೆ ಈಗ ಬೇರೆ ಥರದ ನಾಚಿಕೆಯಾಗುತ್ತದೆ.

ಯಾಕೆಂದರೆ ಸ್ಟಡಿಗೆ ಒಂದು ನಿಯಮವಿತ್ತು. ಮೊದಲ ಆರು ವಾರದಲ್ಲಿ ಕೋ-ಆರ್ಡಿನೇಟರ್ ಎರಡು ಸಲ ಮಗುವಿನ ಮನೆಗೆ ಹೋಗಬೇಕು, ಔಷಧಿ ಹೇಗೆ ಕೊಡುತ್ತಾರೆ ಎಂದು ಕಣ್ಣಾರೆ ನೋಡಬೇಕು. ನಿಯಮ ಮಾಡಿದವರು ದಡ್ಡರಲ್ಲ. ನನಗೆ ಗೋರೆಗಾಂವ್ ಮನೆಯ ದಾರಿಯೇ. ಆದರೆ ಸ್ಟೇಷನ್ನಿನಿಂದ ರಿಕ್ಷಾ, ರಿಕ್ಷಾದಿಂದ ಇಳಿದು ಕೆಸರಿನಲ್ಲಿ ಅರ್ಧ ಗಂಟೆ. ಮನೆಯಲ್ಲಿ ಅಡಿಗೆ ಕಾಯುತ್ತಿರುತ್ತಿತ್ತು, ಮಗನ ಪರೀಕ್ಷೆ ಇತ್ತು, ಮಳೆ ಇತ್ತು. ಕಾರಣ ಎನ್ನಿ, ನೆವ ಎನ್ನಿ. ಎರಡು ಸಲವೂ ಮಹಾದೇವಿಯನ್ನೇ ಗೋರೆಗಾಂವ್ ಪ್ಲಾಟ್‌ಫಾರ್ಮಿಗೆ ಕರೆಸಿಕೊಂಡೆ. ಬೆಂಚಿನ ಮೇಲೆ ಕೂತು ಅವಳ ಸಹಿ ಹಾಕಿಸಿಕೊಂಡು, ‘ಮನೆ ಭೇಟಿ ಆಯಿತು, ಎಲ್ಲ ಸರಿಯಾಗಿದೆ’ ಎಂದು ಬರೆದು ಮುಂದಿನ ಲೋಕಲ್ ಹಿಡಿದೆ. ಅವಳಿಗೆ ಅರ್ಧ ದಿನದ ಪಗಾರ ಹೋಗಿತ್ತು ಎಂಬುದು ಆಮೇಲೆ ತಿಳಿಯಿತು.

ಆರು ವಾರ ಮುಗಿಯಿತು. ಪಟ್ಟಿ ಹಸಿರಾಗಿಯೇ ಇತ್ತು. ಬಡೇ ಸರ್ ಫೈಲು ತಿರುವಿ, ಈ ಮಗುವಿಗೆ ಮದ್ದು ಹತ್ತುವುದಿಲ್ಲ, ಬಯಾಪ್ಸಿಗೆ ದಿನ ಗೊತ್ತು ಮಾಡಿ ಎಂದರು. ಅಪ್ಪನ ಸಹಿ ಬೇಕು. ಸ್ಲ್ಯಾಬ್ ಹಾಕುವ ಕೆಲಸ ನಡೆದಿದೆ, ಮುಕಾದಮ ಶಿವಪ್ಪನಿಗೆ ರಜೆ ಕೊಡುವುದಿಲ್ಲ. ಹಾಗಾಗಿ ಒಂದು ಭಾನುವಾರ ಬೆಳಿಗ್ಗೆ, ಜುಲೈ ಕೊನೆಯಲ್ಲಿ, ನಾನು ಮೊದಲ ಸಲ ಅವರ ಶೆಡ್ಡಿಗೆ ಹೋದೆ.

ಅರ್ಧ ಕಟ್ಟಿದ ಟವರಿನ ಹಿಂದೆ ತಗಡಿನ ಸಾಲು. ಬಾಗಿಲಿಗೆ ಪ್ಲೈವುಡ್ ಹಲಗೆ. ಶಿವಪ್ಪ ನೀರಿನ ಟ್ಯಾಂಕರಿಗೆ ಸಾಲು ಹಿಡಿಯಲು ಹೋಗಿದ್ದ. ಅವನ ತಂಗಿ ಸುಮಿತ್ರಾ, ಏಳನೇ ಇಯತ್ತೆ ಓದಿದ ಹುಡುಗಿ, ನನ್ನನ್ನು ಒಳಗೆ ಕರೆದು ಚಾಪೆ ಹಾಸಿದಳು. ಮೂಲೆಯಲ್ಲಿ ಒಂದೇ ಬಣ್ಣದ ಫ್ರಾಕು ತೊಟ್ಟ ಇಬ್ಬರು ಹುಡುಗಿಯರು ಕೂತಿದ್ದರು. ಒಂದೇ ಎತ್ತರ, ಒಂದೇ ಹಣೆ. ಒಬ್ಬಳು ಗೌರಿ. ಇನ್ನೊಬ್ಬಳ ಮುಖ ಬಟ್ಟಲಿನ ಹಾಗೆ ದುಂಡಗಾಗಿತ್ತು, ಕೆನ್ನೆ ಕೆಂಪಗಿತ್ತು, ಹೊಟ್ಟೆ ಮುಂದೆ ಬಂದಿತ್ತು. ಆ ಮುಖ ನನಗೆ ಗೊತ್ತು. ನಮ್ಮ ವಾರ್ಡಿನಲ್ಲಿ ವಾರಗಟ್ಟಲೆ ಸ್ಟೆರಾಯ್ಡ್ ತಿಂದ ಪ್ರತಿ ಮಗುವಿನ ಮುಖವೂ ಹಾಗೇ ಆಗುತ್ತದೆ.

“ಗಂಗಾ ನೋಡ್ರಿ ಅಕ್ಕಾರ,” ಮಹಾದೇವಿ ಹೆಮ್ಮೆಯಿಂದ ಹೇಳಿದಳು. “ಮೈ ಕೈ ತುಂಬ್ಯಾಳ. ಉಣ್ಣಾಕ ಕುಂತ್ರ ಏಳೂದಽ ಇಲ್ಲ. ಔಷಧ ಗೌರಿಗೆ ಹತ್ತವಲ್ದು, ಈಕಿಗೆ ಚೊಲೊ ಹತ್ತೇತಿ.”

ಅವಳು ನನ್ನ ಕಣ್ಣೆದುರೇ ಬೆಳಗಿನ ಸಿರಪ್ ಸುರಿದಳು. ಮುಚ್ಚಳದ ಗೆರೆಗೆ ಸರಿಯಾಗಿ ಒಂದು ಹನಿಯೂ ಹೆಚ್ಚು ಕಡಿಮೆ ಇಲ್ಲದೆ. ಅರ್ಧ ಗೌರಿಗೆ, ಅರ್ಧ ಗಂಗಾಗೆ. ಶೆಡ್ಡಿನ ತುಂಬ ಸ್ಟ್ರಾಬೆರಿ ವಾಸನೆ.

“ಇದೇನು ಮಾಡ್ಲಿಕ್ಕತ್ತೀ ಮಹಾದೇವಿ?”

“ಅವಳಿ ಜವಳಿ ಅದಾವಲ್ರಿ ಅಕ್ಕಾರ,” ಅಂದಳು, ಇಷ್ಟೂ ತಿಳಿಯದೇ ಎನ್ನುವಂತೆ. “ಒಂದಕ್ಕ ಕೊಟ್ಟಿದ್ದು ಇನ್ನೊಂದಕ್ಕ ಕೊಡಬೇಕ್ರಿ. ಇಲ್ಲಂದ್ರ ಆ ಬ್ಯಾನಿ ಬಿಟ್ಟ ಕೂಸಿನ ಮೈಯಾಗ ಹೊಕ್ಕತೈತಿ. ನಮ್ಮತ್ತಿ ಹಡದ ದಿನಾನಽ ಹೇಳ್ಯಾಳ. ತೊಟ್ಟಿಲಾ ಕಟ್ಟಿದ್ರ ಎರಡು, ಕುಂಚಿಗಿ ಹೊಲಿಸಿದ್ರ ಎರಡು. ಕಹಿ ಗುಳಿಗಿ ಇದ್ರ ಗಂಗಾ ಬಾಯಾಗ ಇಡ್ತಿದ್ದಿಲ್ಲ. ಇದು ಸೀ ಐತಿ. ಒಂದು ಕೂಸು ಕುಡಿಯೂದು, ಇನ್ನೊಂದು ಬಾಯಿ ಬಾಯಿ ನೋಡೂದು, ತಾಯಿ ಆದಾಕಿ ಹೆಂಗ ತಾಳಬೇಕ್ರಿ?”

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂದು ಗಾದೆ ಹೇಳಿ ನಗುವವರು ಇದ್ದಾರೆ. ಆಮೇಲೆ ಆಸ್ಪತ್ರೆಯಲ್ಲಿ ಹಾಗೇ ನಕ್ಕವರನ್ನೂ ಕಂಡೆ. ನನಗೆ ನಗು ಬರಲಿಲ್ಲ. ತಪ್ಪಿಸಬೇಡ ಎಂದಿದ್ದೆವು, ತಪ್ಪಿಸಿರಲಿಲ್ಲ. ಬಾಟಲಿ ಖಾಲಿ ಮಾಡು ಎಂದಿದ್ದೆವು, ಮಾಡಿದ್ದಳು. ಬೇರೆ ಯಾರಿಗೂ ಕೊಡಬೇಡ ಎಂದು ಹದಿನಾಲ್ಕು ಪುಟದಲ್ಲಿ ಎಲ್ಲೋ ಇದ್ದಿರಬೇಕು. ನನ್ನ ಬಾಯಿಂದ ಆ ಮಾತು ಬಂದಿರಲಿಲ್ಲ. ಗೌರಿಗೆ ಮದ್ದು ಹತ್ತದೆ ಇದ್ದದ್ದಲ್ಲ, ಅವಳಿಗೆ ಪೂರ್ತಿ ಮದ್ದು ಸಿಕ್ಕೇ ಇರಲಿಲ್ಲ. ಒಂದೇ ಒಂದು ಸಲ ಈ ಚಾಪೆಯ ಮೇಲೆ ಬಂದು ಕೂತಿದ್ದರೆ ಮೊದಲ ವಾರವೇ ತಿಳಿಯುತ್ತಿತ್ತು.

ಭಯಕ್ಕೆ ಸಿಟ್ಟಿನ ವೇಷ ಹಾಕಿಸುವುದು ನನ್ನ ಹಳೆಯ ಚಾಳಿ. ಅವಳ ಮೇಲೆ ಹರಿಹಾಯ್ದೆ. “ಇವತ್ತಿನಿಂದ ಗಂಗಾಗ ಒಂದು ಹನಿನೂ ಕೊಡಬ್ಯಾಡ. ತಿಳೀತೇನು? ಪೂರಾ ಗೌರಿಗೇ ಕೊಡು. ಆಕಿಗೆ ಒಂದು ಹನಿನೂ ಇಲ್ಲ.”

ಅವಳ ಮುಖ ಸಣ್ಣದಾಯಿತು. “ಆತ್ರಿ ಅಕ್ಕಾರ,” ಅಂದಳು. ಶಿವಪ್ಪನ ಸಹಿ ತೆಗೆದುಕೊಳ್ಳದೆ ವಾಪಸು ಬಂದೆ.

ಸೋಮವಾರ ಬೆಳಿಗ್ಗೆ ಬಡೇ ಸರ್ ಎದುರು ನಿಂತು ಎಲ್ಲ ಹೇಳಿದೆ, ಪ್ಲಾಟ್‌ಫಾರ್ಮಿನ ಸಹಿಗಳ ವಿಷಯವನ್ನೂ. ಅವರು ಕೂಗಾಡಲಿಲ್ಲ. ಕೂಗಾಡಿದ್ದರೆ ಒಳ್ಳೆಯದಿತ್ತು. ಕನ್ನಡಕ ಒರೆಸಿಕೊಳ್ಳುತ್ತ ಹಿಂದಿಯಲ್ಲಿ ಮೆಲ್ಲಗೆ ಲೆಕ್ಕ ಹೇಳಿದರು. ಡಯರಿ ಪೂರ್ತಿಯಿದೆ, ಬಾಟಲಿ ಖಾಲಿಯಿದೆ, ಮನೆ ಭೇಟಿಗೆ ನಿನ್ನ ಸಹಿ ಇದೆ. ಈಗ ಬೇರೆ ಬರೆದರೆ ಉಳಿದ ಮಕ್ಕಳ ಫೈಲುಗಳನ್ನೂ ಬಿಚ್ಚುತ್ತಾರೆ, ಇಡೀ ಸ್ಟಡಿ ನಿಲ್ಲುತ್ತದೆ. ಹುಡುಗಿಯನ್ನು ಸ್ಟಡಿಯಿಂದ ತೆಗೆಯುತ್ತಾರೆ, ಆಮೇಲೆ ಅವಳ ಔಷಧಿ, ಪರೀಕ್ಷೆ ಯಾವುದನ್ನೂ ಕಂಪನಿ ಕೊಡುವುದಿಲ್ಲ. ಅದರ ಬದಲು ಬಯಾಪ್ಸಿ ಮಾಡಿಬಿಡೋಣ, ಬೇರೆ ಔಷಧಿಗೆ ಹಾಕೋಣ, ಅವಳಿಗೂ ಲಾಭ.

“ಬೇಡದ ಸೂಜಿ ಯಾಕೆ ಸರ್? ಪೂರ್ತಿ ಡೋಸ್ ಕೊಟ್ಟು ನೋಡಿದರೆ ಸಾಕಲ್ಲ,” ಎಂದೆ. “ಆ ತಾಯಿ ಇನ್ನು ಮೇಲೆ ಕೊಡುತ್ತಾಳೆ ಎಂದು ಏನು ನಂಬಿಕೆ? ಆರು ವಾರ ಸುಳ್ಳು ಹೇಳಿದ್ದಾಳೆ,” ಎಂದರು.

ಸುಳ್ಳು. ಆ ಶಬ್ದ ಕೇಳಿ ನನ್ನ ಮೈ ಉರಿಯಿತು. ಅವಳು ಒಂದು ಸುಳ್ಳೂ ಹೇಳಿಲ್ಲ ಸರ್, ಸುಳ್ಳು ಬರೆದವಳು ನಾನು, ಎಂದೆ. ಇನ್ನೊಬ್ಬಳು ಹುಡುಗಿಯೂ ಆರು ವಾರ ಸ್ಟೆರಾಯ್ಡ್ ಕುಡಿದಿದ್ದಾಳೆ, ಅವಳನ್ನು ಕರೆಸಿ ನೋಡಬೇಕು, ಎಂದೆ.

“ವೋ ಬಚ್ಚೀ ಹಮಾರೀ ಸ್ಟಡಿ ಮೇಂ ನಹೀಂ ಹೈ,” ಎಂದರು. ಆ ಹುಡುಗಿ ನಮ್ಮ ಸ್ಟಡಿಯಲ್ಲಿ ಇಲ್ಲ. ಹೇಳಿ ಮುಂದಿನ ಫೈಲು ಎಳೆದುಕೊಂಡರು.

ಮೂರು ದಿನ ನಾನು ಆ ಮಾತಿನ ಮೇಲೆ ಕುದಿದೆ. ಕುದಿಯುತ್ತಲೇ, ಇಂಥ ಸ್ಟಡಿಗಳ ಮೇಲೆ ಕಣ್ಣಿಡುವ ಆಸ್ಪತ್ರೆಯ ನೈತಿಕ ಸಮಿತಿಗೆ ಮೂರು ಪುಟ ಬರೆದೆ, ತಿದ್ದಿದೆ, ಮತ್ತೆ ಬರೆದೆ. ಮಂಗಳವಾರ ಹಳಿಯ ಮೇಲೆ ನೀರು ನಿಂತು ಲೋಕಲ್ ಬಂದಾಯಿತು. ಮನೆಯಲ್ಲೇ ಕೂತು ಬರೆದೆ. ಒಂದೊಂದು ವಾಕ್ಯಕ್ಕೂ ಹೇಗೆ ಚುಚ್ಚಬೇಕು, ಬಡೇ ಸರ್‌ಗೆ ಎಲ್ಲಿ ತಾಗಬೇಕು ಎಂದು ಯೋಚಿಸಿ ಬರೆದೆ. ನನ್ನ ಸಿಟ್ಟು ನನಗೇ ಚೆಂದ ಕಾಣುತ್ತಿತ್ತು.

ಗುರುವಾರ ಬೆಳಿಗ್ಗೆ ವಾರ್ಡಿನ ಕಿರಿಯ ಡಾಕ್ಟರು ಸಾಯಲಿ ಆ ಕಾಗದ ಓದಿದರು. ಮರಾಠಿ ಹುಡುಗಿ, ಮಾತು ಕಡಿಮೆ. ಕೊನೆಯವರೆಗೂ ಓದಿ ಒಂದೇ ಪ್ರಶ್ನೆ ಕೇಳಿದರು: “ಗಂಗಾಳ ಡೋಸ್ ಹೇಗೆ ಇಳಿಸುತ್ತಿದ್ದೀರಿ?”

“ಇಳಿಸುವುದೇನು, ಭಾನುವಾರವೇ ನಿಲ್ಲಿಸಿಬಿಟ್ಟೆ,” ಎಂದೆ. ಅನ್ನುತ್ತಿದ್ದ ಹಾಗೆಯೇ ನಾನು ಹೇಳಿದ್ದು ನನಗೇ ಕೇಳಿಸಿತು.

ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೆ ಅಪಾಯ. ಎಷ್ಟು ತಾಯಂದಿರಿಗೆ ಆ ಮಾತು ಹೇಳಿದ್ದೆನೋ ಲೆಕ್ಕವಿಲ್ಲ. ಹೊರಗಿನಿಂದ ಸ್ಟೆರಾಯ್ಡ್ ಬರುತ್ತಿದ್ದರೆ ಮೈ ತನ್ನದನ್ನು ಮಾಡುವುದು ಮರೆತುಬಿಡುತ್ತದೆ. ಥಟ್ಟನೆ ನಿಲ್ಲಿಸಿದ ಮೇಲೆ ಸಣ್ಣ ವಾಂತಿಭೇದಿ ಬಂದರೂ ತಾಳುವ ಶಕ್ತಿ ಇರುವುದಿಲ್ಲ. ಗೌರಿಯ ಬಗ್ಗೆ ನೂರು ಸಲ ಹೇಳಿದ್ದೆ. ಗಂಗಾಳ ಬಗ್ಗೆ ಒಂದು ಸಲವೂ ನೆನಪಾಗಲಿಲ್ಲ. ಬಡೇ ಸರ್ ಬಾಯಿಬಿಟ್ಟು ಹೇಳಿದರು, ಅಷ್ಟೇ ವ್ಯತ್ಯಾಸ. ನನ್ನ ತಲೆಯಲ್ಲೂ ಆ ಹುಡುಗಿ ಸ್ಟಡಿಯಲ್ಲಿ ಇರಲಿಲ್ಲ.

ಮುಕಾದಮನಿಗೆ ಫೋನ್ ಮಾಡಿದೆ. ಅವನು ಮಹಾದೇವಿಯನ್ನು ಕರೆದು ಕೊಡಲು ಹತ್ತು ನಿಮಿಷ ಹಿಡಿಯಿತು.

“ನಿನ್ನೆ ಮಧ್ಯಾಹ್ನದಿಂದ ಕಾರಿಕೊಳ್ಳಾಕತ್ತಾಳ್ರಿ ಗಂಗಾ,” ಅಂದಳು. “ಇಲ್ಲಿ ಡಾಕ್ಟರ್ ಸೂಜಿ ಮಾಡ್ಯಾನ. ಈಗ ಕಣ್ಣಽ ತಗೀವಲ್ಲಳು. ಮೈ ಥಣ್ಣಗ ಐತಿ. ನೀವು ಹೇಳಿದಂಗಽ ಒಂದು ಹನಿನೂ ಕೊಟ್ಟಿಲ್ಲ ಅಕ್ಕಾರ.”

ಸಾಯಲಿ ನನ್ನ ಕೈಯಿಂದ ಫೋನು ಕಸಿದುಕೊಂಡರು. ಪರೇಲಿಗೆ ತರುವಷ್ಟು ಹೊತ್ತಿಲ್ಲ, ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಈಗಲೇ ಹೋಗಿ ಎಂದು ಹಿಂದಿಯಲ್ಲಿ ಎರಡೆರಡು ಸಲ ಹೇಳಿದರು. ಅಲ್ಲಿನ ಡಾಕ್ಟರನ್ನು ಫೋನಿನಲ್ಲಿ ಹಿಡಿದು, ಈ ಮಗುವಿಗೆ ಸ್ಟೆರಾಯ್ಡ್ ನಿಂತು ಹೀಗಾಗಿದೆ, ಬಂದ ಕೂಡಲೇ ಯಾವ ಇಂಜೆಕ್ಷನ್ ಕೊಡಬೇಕು ಎಂದು ತಿಳಿಸಿದರು. ನಾನು ಸ್ಟೇಷನ್ನಿಗೆ ಓಡಿದೆ. ಸ್ಲೋ ಗಾಡಿ ಪ್ರತಿ ಸಿಗ್ನಲಿಗೂ ನಿಂತಿತು. ನಿಂತಾಗಲೆಲ್ಲ ರೈಲ್ವೆಯನ್ನು, ಮಳೆಯನ್ನು, ಬಡೇ ಸರನ್ನು, ಕಂಪನಿಯನ್ನು ಬೈದೆ. ಅಂಧೇರಿಯ ಹೊತ್ತಿಗೆ ಬೈಯಲು ನಾನೊಬ್ಬಳೇ ಉಳಿದಿದ್ದೆ.

ನಾನು ಮುಟ್ಟುವಷ್ಟರಲ್ಲಿ ಇಂಜೆಕ್ಷನ್ ಕೊಟ್ಟು ಸಲೈನ್ ಹಚ್ಚಿದ್ದರು. ಗಂಗಾಳ ತುಟಿ ಬಿಳಿಚಿತ್ತು. ಮಹಾದೇವಿ ಮಂಚದ ಕಾಲು ಹಿಡಿದು ನೆಲದ ಮೇಲೆ ಕೂತಿದ್ದಳು. ನನ್ನನ್ನು ನೋಡಿ ಮುಖ ಮಂಚದ ಕಡೆ ತಿರುಗಿಸಿಕೊಂಡಳು. ಮೂರು ಗಂಟೆಯ ಸುಮಾರಿಗೆ ಹುಡುಗಿ ಕಣ್ಣು ಬಿಟ್ಟಳು. ಐದಕ್ಕೆ ಹಸಿವು ಎಂದಳು. ಅಲ್ಲಿಯ ಡಾಕ್ಟರು, ಇನ್ನೊಂದು ತಾಸು ತಡವಾಗಿದ್ದರೆ ತಮ್ಮ ಕೈಲಿ ಏನೂ ಇರುತ್ತಿರಲಿಲ್ಲ ಎಂದು ಹೇಳಿ ಇನ್ನೊಂದು ಮಂಚದ ಕಡೆ ಹೋದರು.

ಆಗ ನಾನು ಮಹಾದೇವಿಯ ಪಕ್ಕ ಕೂತು ಹೇಳಿದೆ. ಗಂಗಾಳನ್ನು ಈ ಸ್ಥಿತಿಗೆ ತಂದದ್ದು ಸಿರಪ್ ಅಲ್ಲ, ನಾನು ಅದನ್ನು ನಿಲ್ಲಿಸಿದ್ದು ಎಂದು.

“ನಾ ಕೊಟ್ಟಾಗ ಆಕಿ ಉಂಡು ಆಡತಿದ್ದಳು,” ಅಂದಳು. “ನೀವು ಬಂದು ಹ್ವಾದ ಮ್ಯಾಲೆ ಸಾಯಾಕ ಹತ್ತಿದಳು. ನಾ ಯಾರ ಮಾತು ಕೇಳಬೇಕಾಗಿತ್ತು?”

ಗೌರಿಗೆ ಸೂಜಿ ಚುಚ್ಚುವುದು ತಪ್ಪಿತು. ಸಾಯಲಿ ಅವಳನ್ನು ಸ್ಟಡಿಯಿಂದ ಹೊರಗೆ, ಸಾಮಾನ್ಯ ಓಪಿಡಿಯ ಸಾಲಿನಲ್ಲಿ ನೋಡಿ ಗುಳಿಗೆಯನ್ನೇ ಪೂರ್ತಿ ಡೋಸ್ ಕೊಟ್ಟರು. ಹನ್ನೆರಡನೆಯ ದಿನ ಪಟ್ಟಿ ಹಳದಿಯಾಗಿ ಉಳಿಯಿತು. ಮದ್ದು ಹತ್ತದ ಮಗು ಎಂದು ಬರೆದಿಟ್ಟಿದ್ದ ಮಗುವಿಗೆ ಅದೇ ಮದ್ದು ಹತ್ತಿತು. ಗಂಗಾಗೆ ತಿಂಗಳುಗಟ್ಟಲೆ ಇಳಿಸುತ್ತ ಹೋಗುವ ಹಾಗೆ ಬೇರೆ ಡೋಸ್ ಬರೆದರು.

ಸ್ಟಡಿಯಿಂದ ಹೊರಗೆ ಹಾಕುವಾಗ ಒಂದು ಫಾರ್ಮು ತುಂಬಬೇಕು. ಕಾರಣಗಳು ಮೊದಲೇ ಅಚ್ಚಾಗಿರುತ್ತವೆ: ಊರು ಬಿಟ್ಟರು, ಬರುವುದು ನಿಲ್ಲಿಸಿದರು, ಪೋಷಕರು ಸೂಚನೆ ಪಾಲಿಸಲಿಲ್ಲ. ನಮ್ಮ ತಪ್ಪು ಎಂಬ ಕಾರಣಕ್ಕೆ ಅಲ್ಲಿ ಜಾಗವೇ ಇರಲಿಲ್ಲ. ನಾನು ಎಲ್ಲವನ್ನೂ ಬಿಟ್ಟು ಅಂಚಿನಲ್ಲಿ, ಮನೆಗೆ ಹೋಗಿ ನೋಡಲಿಲ್ಲ, ಕೇಳಲಿಲ್ಲ, ಸುಳ್ಳು ಸಹಿ ಮಾಡಿದೆ ಎಂದು ಬರೆದು ಕೊಟ್ಟೆ. ಫಾರ್ಮು ಕೊಳೆಯಾಗಿದೆ ಎಂದು ವಾಪಸು ಬಂತು. ಹೊಸದನ್ನು ಬೇರೆ ಯಾರೋ ತುಂಬಿದರು, ಪೋಷಕರು ಸೂಚನೆ ಪಾಲಿಸಲಿಲ್ಲ ಎಂಬಲ್ಲಿ ಗುರುತು ಹಾಕಿ. ಒಂದು ಹೊತ್ತೂ ತಪ್ಪಿಸದ, ಒಂದು ಹನಿಯೂ ಚೆಲ್ಲದ ಆ ತಾಯಿಯ ಬಗ್ಗೆ. ನೈತಿಕ ಸಮಿತಿ ನಾನು ಕೊಟ್ಟ ಮೂರು ಪುಟಗಳನ್ನು ಫೈಲಿಗೆ ಸೇರಿಸಿ, ಕೋ-ಆರ್ಡಿನೇಟರನ್ನು ಬದಲಿಸಬೇಕೆಂದು ಹೇಳಿತು. ಅದು ನ್ಯಾಯವೇ, ನನ್ನನ್ನು ಬದಲಿಸಬೇಕಾಗಿತ್ತು. ಅಲ್ಲಿಗೇ ನಿಂತದ್ದಕ್ಕೆ ನನ್ನ ತಕರಾರು. ಬಡೇ ಸರ್ ಅದೇ ಕುರ್ಚಿಯಲ್ಲಿ ಉಳಿದರು.

ಗಣಪತಿ ಹಬ್ಬ ಎಂಟು ದಿನ ಇದೆ ಎನ್ನುವಾಗ ಶಿವಪ್ಪನ ಕೆಲಸ ಮುಗಿದು ಅವರು ಊರಿಗೆ ಹೊರಟರು. ಸಾಯಲಿ ಬರೆದ ಡೋಸಿನ ಪಟ್ಟಿ, ಎರಡು ತಿಂಗಳ ಗುಳಿಗೆ ಹಿಡಿದು ನಾನು ಶೆಡ್ಡಿಗೆ ಹೋದೆ. ಗಂಟು ಮೂಟೆ ಕಟ್ಟಿಯಾಗಿತ್ತು. ಹುಡುಗಿಯರಿಬ್ಬರೂ ಖಾಲಿ ಸಿಮೆಂಟ್ ಚೀಲದ ಮೇಲೆ ಕೂತು ಜಗಳವಾಡುತ್ತಿದ್ದರು. ಯಾವ ಗುಳಿಗೆ ಯಾರಿಗೆ, ಎಂದಿನಿಂದ ಅರ್ಧ, ಎಂದಿನಿಂದ ಕಾಲು ಎಂದು ಹೇಳಿದೆ. ಮಹಾದೇವಿ ಎಂದಿನ ಹಾಗೆ ಒಂದೂ ಬಿಡದೆ ತಿರುಗಿ ಒಪ್ಪಿಸಿದಳು. ಆದರೆ ಅಕ್ಕಾರ ಎನ್ನುವುದು ನಿಂತು, ಸಾಹೇಬರ ಮನೆಯ ಹೆಂಗಸನ್ನು ಕರೆಯುವ ಹಾಗೆ ಬಾಯಾರ ಆಗಿತ್ತು.

“ಒಂದು ಕಾಗದಾ ಬರದು ಕೊಡ್ರಿ ಬಾಯಾರ,” ಅಂದಳು. “ಒಂದು ಕೂಸಿಗೆ ಬ್ಯಾನಿ, ಎರಡು ಕೂಸಿಗೆ ಯಾಕ ಗುಳಿಗಿ ಅಂತ ಊರ ಡಾಕ್ಟರ್ ಕೇಳ್ತಾನ. ನಾ ಬಾಯಿಲೆ ಹೇಳಿದ್ರ ನನ್ನಽ ಬೈತಾನ.”

ಬರೆದೆ. ಕಾಯಿಲೆಯ ಹೆಸರು, ಔಷಧಿಯ ಹೆಸರು, ನಡೆದದ್ದು. ಅವಳು ಅದನ್ನು ನಾದಿನಿಯ ಕೈಗೆ ಕೊಟ್ಟು ಓದಿಸಿದಳು. ಸುಮಿತ್ರಾ ಬೆರಳಿಟ್ಟು ಓದುತ್ತ ಹೋದಳು: “...ಆಸ್ಪತ್ರೆಯ ಕಡೆಯಿಂದ ಆದ ತಪ್ಪಿನಿಂದಾಗಿ ಗಂಗಾ ಎಂಬ ಮಗುವಿನ ಔಷಧಿ ಒಮ್ಮೆಲೇ ನಿಂತು...”

“ತಡಿ,” ಅಂದಳು ಮಹಾದೇವಿ. “ಯಾರ ಕಡಿಂದ?”

“ಆಸ್ಪತ್ರಿ ಕಡಿಂದ ಅಂತ ಐತಿ ವೈನಿ.”

“ಆಸ್ಪತ್ರಿ ಅಂದ್ರ ಗ್ವಾಡಿ ಏನ್ರಿ ಬಾಯಾರ?” ನನ್ನ ಕಡೆ ತಿರುಗಿದಳು. ದನಿ ಏರಿರಲಿಲ್ಲ. “ಗ್ವಾಡಿ ಬಂದು ಹನಿನೂ ಕೊಡಬ್ಯಾಡ ಅಂತೇನು? ಮಂದಿ ಹೆಸರು ಬರೀರಿ.”

ಆ ಕಾಗದ ಹರಿದು ಇನ್ನೊಂದು ಬರೆದೆ. ಮನೆಗೆ ಹೋಗದೆ ಹೋದೆನೆಂದು ಸಹಿ ಮಾಡಿದವಳು ನಾನು ಎಂದು ಬರೆದೆ. ಗಂಗಾಳ ಔಷಧಿಯನ್ನು ಒಮ್ಮೆಲೇ ನಿಲ್ಲಿಸಿದವಳು ನಾನು. ವಿಷಯ ತಿಳಿಸಿದ ಮೇಲೂ ಆ ಹುಡುಗಿ ನಮ್ಮ ಸ್ಟಡಿಯಲ್ಲಿಲ್ಲ ಎಂದವರು ಇಂಥವರು. ತಾಯಿಯದು ತಪ್ಪಿಲ್ಲ. ನನ್ನ ಹೆಸರು, ಅಪ್ಪನ ಹೆಸರು, ಮನೆತನದ ಹೆಸರು ಪೂರ್ತಿ ಬರೆದೆ. ಬಡೇ ಸರ್ ಹೆಸರನ್ನೂ ಹಾಗೇ ಪೂರ್ತಿ ಬರೆದೆ. ಸುಮಿತ್ರಾ ಓದಿದಳು. ಮಹಾದೇವಿ ಕೊನೆಯ ಸಾಲನ್ನು ಎರಡು ಸಲ ಓದಿಸಿಕೊಂಡಳು.

“ಈಗ ಖರೇ ಆತು,” ಎಂದು ಕಾಗದ ಮಡಚಿ ರವಿಕೆಯೊಳಗೆ ಇಟ್ಟುಕೊಂಡಳು. “ಹೋಗ್ರಿ.”

ನಮ್ಮ ಕಡೆಯವರು ಮನೆಗೆ ಬಂದ ವೈರಿಗೂ ಒಂದು ಕಪ್ ಚಹಾ ಕುಡಿದು ಹೋಗಿ ಎನ್ನುತ್ತಾರೆ. ಒಲೆಯ ಮೇಲೆ ಚಹಾ ಕುದಿಯುತ್ತಿತ್ತು. ಅವಳು ಅನ್ನಲಿಲ್ಲ. ಸರಿಯಾಗೇ ಮಾಡಿದಳು.